ಲೋಡ್ ಬದಲಾಗದಿದ್ದರೂ ಶಾಫ್ಟ್ ಏಕೆ ಮುರಿಯುತ್ತದೆ? ಕಿಟ್ ಹೆಲಿಕಾಪ್ಟರ್ ಇಟ್ಟುಕೊಂಡು ಫೆಟೀಗ್ ಪಾಠ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆದ ಮೇಲೆ ತುಮಕೂರಿನಲ್ಲಿ ಮೆಕ್ಯಾನಿಕಲ್ ಓದುವ ನಮಗೆಲ್ಲ ಹೆಲಿಕಾಪ್ಟರ್ ಹತ್ತಿರದ ವಿಷಯ. ಆದರೆ ಫೆಟೀಗ್ (ಮತ್ತೆ ಮತ್ತೆ ಹಿಗ್ಗಿ ಕುಗ್ಗಿ ಲೋಹ ದಣಿದು ಬಿರುಕು ಬಿಡುವುದು) ಪಾಠ ನನ್ನ ತಲೆಗೆ ಹತ್ತಿದ್ದು ಹವ್ಯಾಸಿಗಳು ಗ್ಯಾರೇಜಿನಲ್ಲಿ ಜೋಡಿಸುವ ಕಿಟ್ ಹೆಲಿಕಾಪ್ಟರುಗಳಿಂದ. ಅಮೆರಿಕದ ರೋಟರ್‌ವೇ ಎಕ್ಸೆಕ್ 162ಎಫ್ ಅಂಥದ್ದೊಂದು. ಎರಡು ಸೀಟು. ಎಂಜಿನ್ ಶಕ್ತಿ ಬೆಲ್ಟ್ ಮೂಲಕ ಸೆಕೆಂಡರಿ ಶಾಫ್ಟಿಗೆ, ಅಲ್ಲಿಂದ ಚೈನ್ ಮೂಲಕ ಮೇಲಿನ ರೋಟರಿಗೆ ಹೋಗುತ್ತದೆ. ಆ ಸೆಕೆಂಡರಿ ಶಾಫ್ಟನ್ನು ಹಿಡಿದುಕೊಳ್ಳೋಣ.

ಎಂಜಿನ್ ಒಂದೇ ವೇಗದಲ್ಲಿದೆ. ಬೆಲ್ಟಿನ ಎಳೆತವೂ ಒಂದೇ. ಹಾಗಿದ್ದರೆ ಫೆಟೀಗ್ ಎಲ್ಲಿಂದ ಬಂತು? ಎಲ್ಲರೂ ಸಿಕ್ಕಿಕೊಳ್ಳುವುದು ಇಲ್ಲೇ, ಅಲ್ವಾ?

ರಾಗಿ ಬೀಸುವ ಗಿರಣಿ ನೆನಪಿಸಿಕೊಳ್ಳಿ. ಬೆಲ್ಟ್ ಶಾಫ್ಟನ್ನು ಯಾವಾಗಲೂ ಮೋಟಾರಿನ ಕಡೆಗೇ ಎಳೆಯುತ್ತದೆ. ಶಾಫ್ಟ್ ಕೂದಲೆಳೆಯಷ್ಟು ಬಾಗುತ್ತದೆ. ಈಗ ಶಾಫ್ಟಿನ ಮೈಮೇಲೆ ಸೀಮೆಸುಣ್ಣದ ಒಂದು ಚುಕ್ಕೆ ಇಡಿ. ಚುಕ್ಕೆ ಬಾಗಿನ ಒಳಮೈಯಲ್ಲಿದ್ದಾಗ ಅಲ್ಲಿನ ಲೋಹ ಒತ್ತಿಕೊಳ್ಳುತ್ತದೆ. ಅರ್ಧ ಸುತ್ತಾದ ಮೇಲೆ ಅದೇ ಚುಕ್ಕೆ ಹೊರಮೈಗೆ ಬಂದಿರುತ್ತದೆ, ಲೋಹ ಹಿಗ್ಗುತ್ತದೆ. ಇನ್ನರ್ಧ ಸುತ್ತಿಗೆ ಮತ್ತೆ ಒತ್ತಡ. ಬಾಗು ಇದ್ದಲ್ಲೇ ಇದೆ, ಚುಕ್ಕೆ ಅದರೊಳಗೆ ಸುತ್ತುತ್ತಿದೆ. ಲೋಡನ್ನು ಬಿಟ್ಟು ಚುಕ್ಕೆಯ ಹಿಂದೆ ಹೋಗಿ, ಆಗ ಕಾಣುತ್ತದೆ: ಪ್ರತಿ ಸುತ್ತಿಗೂ ಒಂದು ಪೂರ್ತಿ ಸ್ಟ್ರೆಸ್ ಸೈಕಲ್.

ಹಾಗಾಗಿ ನನ್ನ ಅಚ್ಚುಮೆಚ್ಚಿನ ಸೂತ್ರ: ಆರ್‌ಪಿಎಂ × 60 × ಗಂಟೆ. ನಿಮಿಷಕ್ಕೆ 500 ಸುತ್ತು ಎಂದರೆ ಗಂಟೆಗೆ 30,000. ನೂರು ಗಂಟೆಗೆ 30 ಲಕ್ಷ. ಇದು ರೋಟರಿನ ವೇಗದ ಲೆಕ್ಕ. ಸೆಕೆಂಡರಿ ಶಾಫ್ಟ್ ಅದಕ್ಕಿಂತ ಜೋರಾಗಿ ತಿರುಗುತ್ತದೆ, ಸೈಕಲ್ ಇನ್ನೂ ಜಾಸ್ತಿ. ಎಷ್ಟು ಸ್ಟ್ರೆಸ್ ಇದ್ದರೆ ಎಷ್ಟು ಸೈಕಲ್ ತಾಳುತ್ತದೆ ಎಂದು ತೋರಿಸುವುದು ಎಸ್-ಎನ್ ಗೆರೆ. ಉಕ್ಕಿನ ಗೆರೆ ಸಾಮಾನ್ಯವಾಗಿ 10 ಲಕ್ಷದಿಂದ 1 ಕೋಟಿ ಸೈಕಲ್ ನಡುವೆ ಮಟ್ಟವಾಗುತ್ತದೆ. ಅಲ್ಯೂಮಿನಿಯಂ ಗೆರೆ ಇಳಿಯುತ್ತಲೇ ಹೋಗುತ್ತದೆ. ಮೊದಲ ಹತ್ತು ಗಂಟೆ ಚೆನ್ನಾಗಿ ಹಾರಿತು ಅನ್ನುವುದನ್ನು ನಂಬಿ ಕೂರುವುದು ಅಪಾಯ.

ಬಿರುಕು ಶುರುವಾಗುವುದು ಕೀವೇ (ಪುಲ್ಲಿ ಜಾರದಂತೆ ಶಾಫ್ಟಿನಲ್ಲಿ ಕೊರೆದ ಗಾಡಿ), ಚೂಪು ಮೂಲೆ, ತುಕ್ಕು, ಟೂಲ್ ಗೀರಿದ ಗೆರೆ ಇಂಥ ಕಡೆ. ಮುರಿದ ಮುಖದಲ್ಲಿ ನುಣ್ಣಗಿನ ಭಾಗವೂ ಅದರ ಮೇಲೆ ಅಲೆಯಂಥ ಗೆರೆಗಳೂ ಕಂಡರೆ ಬಿರುಕು ನಿಧಾನವಾಗಿ ಬೆಳೆದಿದೆ. ಒರಟು ಭಾಗ ಕೊನೆಗೆ ಒಮ್ಮೆಲೇ ಹರಿದದ್ದು. ಇದೇ ಕಾರಣಕ್ಕೆ ಸರ್ಟಿಫೈಡ್ ಯಂತ್ರಗಳಿಗೆ ಗಂಟೆಯ ಮಿತಿ ಇರುತ್ತದೆ. ರಾಬಿನ್ಸನ್ ಆರ್22 ಹೆಲಿಕಾಪ್ಟರಿಗೆ 2,200 ಗಂಟೆ ಅಥವಾ 12 ವರ್ಷಕ್ಕೆ ಓವರ್‌ಹಾಲ್. ಕಿಟ್ ಕಟ್ಟುವವರೂ ಪ್ರತಿ ಭಾಗದ ಗಂಟೆ ಬರೆದಿಡಲೇಬೇಕು.

ಹಾರುವಾಗ ಮುರಿದರೆ? ಎಂಜಿನ್ನಿನ ಕೊಂಡಿ ತಪ್ಪಿದರೂ ಸೈಕಲ್ಲಿನ ಹಿಂದಿನ ಚಕ್ರದಲ್ಲಿರುವಂಥ ಫ್ರೀವೀಲ್ ಇರುವುದರಿಂದ ರೋಟರ್ ತಿರುಗುತ್ತಿರುತ್ತದೆ. ತಕ್ಷಣ ಕಲೆಕ್ಟಿವ್ (ರೋಟರ್ ರೆಕ್ಕೆಗಳ ಓರೆಯನ್ನು ಒಟ್ಟಿಗೆ ಬದಲಿಸುವ ಹಿಡಿಕೆ) ಇಳಿಸಿದರೆ ಕೆಳಗಿನಿಂದ ಬರುವ ಗಾಳಿಯೇ ಅದನ್ನು ತಿರುಗಿಸುತ್ತದೆ. ಇದು ಆಟೋರೊಟೇಷನ್. ಹಗುರ ರೋಟರಿನಲ್ಲಿ ಕಲೆಕ್ಟಿವ್ ಇಳಿಸಲು ಸಿಗುವುದು ಒಂದೆರಡು ಸೆಕೆಂಡ್ ಅಷ್ಟೇ. ಬಾಲದ ಟೇಲ್ ರೋಟರ್ ನಿಂತು ಹೆಲಿಕಾಪ್ಟರಿನ ಮೈ ಗಿರಗಿರ ತಿರುಗಿದರೆ ಥ್ರಾಟಲ್ ಮುಚ್ಚಬೇಕು, ಟಾರ್ಕ್ (ಎಂಜಿನ್ನಿನ ತಿರುಚು ಬಲ) ಹೋದರೆ ತಿರುಗಾಟ ಕಡಿಮೆಯಾಗುತ್ತದೆ. ರೋಟರನ್ನು ಹೊತ್ತ ಕಂಬ, ಅಂದರೆ ಮಾಸ್ಟೇ ಮುರಿದರೆ ಪೈಲಟ್ ಮಾಡುವಂಥದ್ದು ಏನೂ ಇಲ್ಲ. ಅದರ ಬಿರುಕು ನೆಲದ ಮೇಲೇ ಸಿಗಬೇಕು. ಉಕ್ಕಿಗೆ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ (ಕಾಂತಕ್ಕೆ ಅಂಟುವ ಪುಡಿಯಿಂದ ಬಿರುಕು ಕಾಣಿಸುವುದು), ಅಲ್ಯೂಮಿನಿಯಂಗೆ ಡೈ ಪೆನಿಟ್ರೆಂಟ್ (ಬಿರುಕಿನೊಳಗೆ ಇಳಿಯುವ ಬಣ್ಣದ ದ್ರವ).