ಗ್ರಂಥಿಯಲ್ಲಿ ಏನೂ ಇಲ್ಲದಿದ್ದರೆ ಮೆಲನೋಮ ಮರಳುವುದಿಲ್ಲವೇ?

ಚರ್ಮದ ಮೇಲಿನ ಕಪ್ಪು ಮಚ್ಚೆಯೊಂದನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಮೆಲನೋಮ, ಅಂದರೆ ಒಂದು ಬಗೆಯ ಚರ್ಮದ ಕ್ಯಾನ್ಸರ್ ಎಂದು ವರದಿ ಬರುತ್ತದೆ. ಮಚ್ಚೆ ಹೋಯಿತಲ್ಲ, ಇನ್ನೇನು ಅಂದುಕೊಳ್ಳುವಾಗಲೇ ವೈದ್ಯರು ಕಂಕುಳಿನದೋ ತೊಡೆಸಂದಿನದೋ ಒಂದು ದುಗ್ಧರಸ ಗ್ರಂಥಿಯನ್ನೂ (ದೇಹದಲ್ಲಿ ಹರಿಯುವ ದುಗ್ಧರಸವನ್ನು ಸೋಸುವ ಗಂಟು) ಬಯಾಪ್ಸಿ ಮಾಡೋಣ, ಅಂದರೆ ತೆಗೆದು ಪರೀಕ್ಷಿಸೋಣ ಎನ್ನುತ್ತಾರೆ. ಅಲ್ಲಿ ಊತವಿಲ್ಲ, ನೋವಿಲ್ಲ. ಮತ್ಯಾಕೆ ಕತ್ತರಿ?

ಈ ಪ್ರಶ್ನೆಗೆ ನೂರು ವರ್ಷಕ್ಕೂ ಜಾಸ್ತಿ ವಯಸ್ಸಾಗಿದೆ. 1892ರಲ್ಲಿ ಲಂಡನ್ನಿನ ಸರ್ಜನ್ ಹರ್ಬರ್ಟ್ ಸ್ನೋ ಒಂದು ವಾದ ಮುಂದಿಟ್ಟರು. ಮೆಲನೋಮ ಹತ್ತಿರದ ಗ್ರಂಥಿಗಳಿಗೆ ಮೊದಲು ಹರಡುತ್ತದೆ, ಆದ್ದರಿಂದ ಅವು ಊದಿಕೊಳ್ಳುವ ಮೊದಲೇ ಎಲ್ಲವನ್ನೂ ತೆಗೆದುಬಿಡಬೇಕು ಎಂದರು. ಕೇಳಲು ಸರಿಯಾಗಿಯೇ ಇತ್ತು. ಎಷ್ಟೋ ದಶಕ ಸರ್ಜನ್‌ಗಳು ಹಾಗೇ ಮಾಡಿದರು. ಆದರೆ ಗ್ರಂಥಿಗಳನ್ನೆಲ್ಲ ತೆಗೆದರೆ ರಸ ಹರಿಯಲು ದಾರಿ ಇರುವುದಿಲ್ಲ. ಕೈಯೋ ಕಾಲೋ ಬಾತುಕೊಳ್ಳುತ್ತದೆ, ಕೆಲವರಿಗೆ ಜೀವನಪೂರ್ತಿ. ಅದಕ್ಕಿಂತ ಬೇಸರದ ಸಂಗತಿ ಎಂದರೆ, ಮಧ್ಯಮ ದಪ್ಪದ ಮೆಲನೋಮ ಇರುವ ನೂರು ಜನರಲ್ಲಿ ಸುಮಾರು 80 ಮಂದಿಯ ಗ್ರಂಥಿಗಳಲ್ಲಿ ಕ್ಯಾನ್ಸರ್ ಇರುವುದೇ ಇಲ್ಲ. ಅವರಿಗೆ ಅದು ಸುಮ್ನೆ ಆದ ಆಪರೇಷನ್.

1970ರಲ್ಲಿ ಅಮೆರಿಕದ ಅಲೆಕ್ಸಾಂಡರ್ ಬ್ರೆಸ್ಲೋ ಮಚ್ಚೆಯ ದಪ್ಪವನ್ನು ಮಿಲಿಮೀಟರ್‌ನಲ್ಲಿ ಅಳೆದು, ದಪ್ಪವಾದಷ್ಟೂ ಅಪಾಯ ಹೆಚ್ಚು ಎಂದು ತೋರಿಸಿದರು. ಇವತ್ತಿಗೂ ವರದಿಯಲ್ಲಿ ವೈದ್ಯರ ಕಣ್ಣು ಮೊದಲು ಹುಡುಕುವುದು ಈ ಅಂಕಿಯನ್ನೇ. (ಭಾರತೀಯರಲ್ಲಿ ಮೆಲನೋಮ ಅಪರೂಪ. ಬಂದಾಗ ಅಂಗಾಲಿನಲ್ಲಿ, ಉಗುರಿನಡಿ ಬರುವುದು ಹೆಚ್ಚು. ಅಲ್ಲಿ ಯಾರೂ ನೋಡಿಕೊಳ್ಳುವುದಿಲ್ಲ, ದಪ್ಪ ಬೆಳೆದ ಮೇಲೆ ಪತ್ತೆಯಾಗುತ್ತದೆ.) 1977ರಲ್ಲಿ ಇಟಲಿಯ ಉಂಬರ್ಟೊ ವೆರೋನೆಸಿ ಮತ್ತು ಸಂಗಡಿಗರ ಅಧ್ಯಯನ ಸ್ನೋ ಅವರ ವಾದಕ್ಕೆ ಪೆಟ್ಟು ಕೊಟ್ಟಿತು. ಮುಂಚೆಯೇ ಎಲ್ಲ ಗ್ರಂಥಿ ತೆಗೆಸಿಕೊಂಡವರು ಉಳಿದವರಿಗಿಂತ ಜಾಸ್ತಿ ಕಾಲ ಬದುಕಿರಲಿಲ್ಲ.

ಹಾಗಾದರೆ ಯಾರ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ ಎಂದು ಮೊದಲೇ ತಿಳಿಯುವುದು ಹೇಗೆ? ಕ್ಯಾಲಿಫೋರ್ನಿಯಾದ ಡೊನಾಲ್ಡ್ ಮಾರ್ಟನ್ ಇದಕ್ಕೆ ದಾರಿ ಹುಡುಕಿದರು. ಮಚ್ಚೆಯಿದ್ದ ಜಾಗದ ರಸ ಮೊದಲು ಯಾವ ಗ್ರಂಥಿಗೆ ಸೇರುತ್ತದೋ ಅದೇ ಸೆಂಟಿನೆಲ್ ನೋಡ್. ಕ್ಯಾನ್ಸರ್ ಕಣಗಳು ಹೊರಟರೆ ಸಾಮಾನ್ಯವಾಗಿ ಮೊದಲು ಸಿಗುವುದು ಅಲ್ಲೇ. ಮಾರ್ಟನ್ ಮಚ್ಚೆಯ ಸುತ್ತ ನೀಲಿ ಬಣ್ಣದ ಇಂಜೆಕ್ಷನ್ ಕೊಟ್ಟು, ನೀಲಿಯಾದ ಗ್ರಂಥಿಯನ್ನು ತೆಗೆದು, ತೆಳುವಾಗಿ ಸೀಳಿ ಪರೀಕ್ಷೆ ಮಾಡಿಸಿದರು. 1992ರಲ್ಲಿ ಪ್ರಕಟವಾದ ಲೆಕ್ಕದಂತೆ 237 ಕಡೆ ಹುಡುಕಿದಾಗ 194 ಕಡೆ ಅದು ಸಿಕ್ಕಿತ್ತು. ಮುಂದೆ ಇದರ ಜೊತೆಗೆ ವಿಕಿರಣ ಸೂಸುವ ಟೆಕ್ನೀಷಿಯಂ, ಅದನ್ನು ಗುರುತಿಸಿ ಬೀಪ್ ಎನ್ನುವ ಕೈಯಳತೆಯ ಯಂತ್ರ ಬಂದವು. ಬೆನ್ನಿನ ನಡುವಿನ ಮಚ್ಚೆಯ ರಸ ಎಡ ಕಂಕುಳಿಗೋ ಬಲಕ್ಕೋ ಎಂದು ಊಹಿಸುವ ಕಷ್ಟ ತಪ್ಪಿತು.

1994ರಲ್ಲಿ ಮಾರ್ಟನ್ ದೊಡ್ಡ ಅಧ್ಯಯನ ಶುರುಮಾಡಿದರು. 2,001 ರೋಗಿಗಳು. ಅರ್ಧಕ್ಕಿಂತ ಹೆಚ್ಚು ಜನರಿಗೆ ಬಯಾಪ್ಸಿ, ಉಳಿದವರ ಮೇಲೆ ಬರೀ ನಿಗಾ. ಕೊನೆಯ ಫಲಿತಾಂಶ ಬಂದದ್ದು 2014ರ ಫೆಬ್ರವರಿಯಲ್ಲಿ, ಮಾರ್ಟನ್ ತೀರಿಕೊಂಡ ಮರುತಿಂಗಳು. ಮಧ್ಯಮ ದಪ್ಪದ ಮೆಲನೋಮದಲ್ಲಿ 10 ವರ್ಷದ ನಂತರ ಈ ಕ್ಯಾನ್ಸರ್‌ನಿಂದ ಸಾಯದೆ ಉಳಿದವರು ಬಯಾಪ್ಸಿ ಗುಂಪಿನಲ್ಲಿ ಶೇ. 81.4, ಇನ್ನೊಂದರಲ್ಲಿ ಶೇ. 78.3. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು. ಕಾಯಿಲೆ ಮರಳದವರು ಮಾತ್ರ ಬಯಾಪ್ಸಿ ಗುಂಪಿನಲ್ಲಿ ಹೆಚ್ಚಿದ್ದರು, ಶೇ. 71.3ಕ್ಕೆ ಎದುರಾಗಿ ಶೇ. 64.7. ಟೀಕಾಕಾರರು ಬಿಡಲಿಲ್ಲ. ಕ್ಯಾನ್ಸರ್ ಇದ್ದ ಗ್ರಂಥಿಯನ್ನೇ ತೆಗೆದ ಮೇಲೆ ಅಲ್ಲಿ ಮರಳುವುದೆಲ್ಲಿಂದ ಎಂದರು. ನ್ಯಾಯವಾದ ಮಾತೇ, ಅಲ್ವಾ?

ನನ್ನ ಮಟ್ಟಿಗೆ ಆ ಅಧ್ಯಯನದ ಮುಖ್ಯ ಅಂಕಿ ಬೇರೆ. ಮಧ್ಯಮ ದಪ್ಪದ ಮೆಲನೋಮದಲ್ಲಿ, ಸೆಂಟಿನೆಲ್ ಗ್ರಂಥಿ ಶುದ್ಧವಾಗಿದ್ದವರಲ್ಲಿ 10 ವರ್ಷದ ನಂತರ ಈ ಕ್ಯಾನ್ಸರ್‌ನಿಂದ ಸಾಯದೆ ಉಳಿದವರು ಶೇ. 85.1. ಕ್ಯಾನ್ಸರ್ ಸಿಕ್ಕಿದವರಲ್ಲಿ ಶೇ. 62.1. ಬಯಾಪ್ಸಿ ಕಾಯಿಲೆ ವಾಸಿ ಮಾಡುವುದಿಲ್ಲ, ಮುಂದಿನ ಅಪಾಯ ಎಷ್ಟೆಂದು ತಿಳಿಸುತ್ತದೆ. ಗ್ರಂಥಿಯಲ್ಲಿ ಏನೂ ಇಲ್ಲ ಎಂದ ಮಾತ್ರಕ್ಕೆ ಅಪಾಯ ಸೊನ್ನೆಯಲ್ಲ ಎಂಬುದೂ ಅದೇ 85.1ರಲ್ಲಿದೆ. ಕಣಗಳು ರಕ್ತದ ದಾರಿ ಹಿಡಿದಿರಬಹುದು, ಸೀಳಿದ ತುಣುಕುಗಳ ಮಧ್ಯೆ ತಪ್ಪಿಸಿಕೊಂಡಿರಬಹುದು. ಆದ್ದರಿಂದ ವರದಿ ಶುದ್ಧವಾಗಿದ್ದರೂ ವರ್ಷಗಟ್ಟಲೆ ತಪಾಸಣೆ ಇರುತ್ತದೆ.

2017ರಲ್ಲಿ ಎರಡನೇ ಅಧ್ಯಯನ ಬಂತು. ಸೆಂಟಿನೆಲ್‌ನಲ್ಲಿ ಕ್ಯಾನ್ಸರ್ ಸಿಕ್ಕರೆ ಉಳಿದ ಗ್ರಂಥಿಗಳನ್ನೂ ತೆಗೆಯಬೇಕೇ? 3 ವರ್ಷದ ಲೆಕ್ಕದಲ್ಲಿ ತೆಗೆಸಿಕೊಂಡವರೂ, ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತ ಕಾದವರೂ ಶೇ. 86ರಷ್ಟು ಉಳಿದಿದ್ದರು. ಕೈಕಾಲು ಬಾವು ಮಾತ್ರ ಮೊದಲ ಗುಂಪಿನಲ್ಲಿ ಶೇ. 24.1, ಎರಡನೆಯದರಲ್ಲಿ ಶೇ. 6.3. ಸ್ನೋ ಕಾಲದ ದೊಡ್ಡ ಆಪರೇಷನ್ ಅಲ್ಲಿಂದಾಚೆಗೆ ಬಹುಮಟ್ಟಿಗೆ ಹಿಂದೆ ಸರಿಯಿತು.

ಇಷ್ಟರಲ್ಲಿ ಔಷಧಿಗಳು ಬದಲಾಗಿದ್ದವು. ನಿವೋಲುಮಾಬ್, ಪೆಂಬ್ರೊಲಿಜುಮಾಬ್‌ನಂಥ ಇಮ್ಯುನೋಥೆರಪಿ ಔಷಧಿಗಳು (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವಂಥವು) ಕಾಯಿಲೆ ಮರಳುವುದನ್ನು ಕಡಿಮೆ ಮಾಡುತ್ತವೆ. ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕವರಿಗೆ ಆಪರೇಷನ್ ನಂತರ ಕೊಡಲು ಇವಕ್ಕೆ ಒಪ್ಪಿಗೆ ಸಿಕ್ಕಿತು. ಆಗ ಬಯಾಪ್ಸಿಯ ಬೆಲೆ ಏರಿತು, ವರದಿ ನೋಡಿ ಮಾಡಲು ಏನೋ ಒಂದು ಇತ್ತು. ಆದರೆ 2021ರ ಡಿಸೆಂಬರ್‌ನಲ್ಲಿ ಅಮೆರಿಕ ಪೆಂಬ್ರೊಲಿಜುಮಾಬ್ ಅನ್ನು ಗ್ರಂಥಿ ಶುದ್ಧವಿದ್ದರೂ ಮಚ್ಚೆ ತುಂಬ ದಪ್ಪವಿದ್ದವರಿಗೂ ಕೊಡಬಹುದು ಎಂದಿತು. ಹೇಗೂ ಔಷಧಿ ಕೊಡುವುದಾದರೆ ಅಂಥವರಿಗೆ ಬಯಾಪ್ಸಿ ಯಾಕೆ ಎಂದು ಕೆಲವರು ಕೇಳುತ್ತಿದ್ದಾರೆ. ಬೇಕು ಎನ್ನುವವರ ಉತ್ತರವೂ ಸಿದ್ಧವಿದೆ. ಔಷಧಿಗೆ ತನ್ನದೇ ಅಡ್ಡಪರಿಣಾಮಗಳಿವೆ, ತೆಗೆದುಕೊಳ್ಳಬೇಕೋ ಬೇಡವೋ ಎಂದು ರೋಗಿ ತೀರ್ಮಾನಿಸಲು ತನ್ನ ಗ್ರಂಥಿ ಶುದ್ಧವಿದೆಯೋ ಇಲ್ಲವೋ, ಅಪಾಯ ಎಷ್ಟೋ ಗೊತ್ತಿರಬೇಕು ಎನ್ನುತ್ತಾರೆ.