ಮೆಟಲ್ ಡಿಟೆಕ್ಟರ್ ಹಿಡಿದು ಸಮುದ್ರಕ್ಕಿಳಿದರೆ ಶಾರ್ಕ್ ಬರುತ್ತಾ?

ಪ್ರಶ್ನೆ: ಫ್ಲೋರಿಡಾಕ್ಕೆ ಬರುತ್ತಿದ್ದೇವೆ ಸಾರ್. ಸೊಂಟದ ಮಟ್ಟದ ನೀರಿನಲ್ಲಿ ಮೆಟಲ್ ಡಿಟೆಕ್ಟರ್ ಆಡಿಸಿ, ಮರಳಲ್ಲಿ ಹೂತ ಉಂಗುರ, ನಾಣ್ಯ ಹುಡುಕಬೇಕು ಅಂತ ಆಸೆ. ಆದರೆ ಅದರ ಕರೆಂಟಿಗೆ ಶಾರ್ಕ್ ಹುಡುಕಿಕೊಂಡು ಬರುತ್ತಂತೆ, ಹೌದಾ?

ಇಲ್ಲ, ಬರಲ್ಲ. ಈ ಉತ್ತರ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಒಂದು ಸಾಲಿನ ಉತ್ತರ ಯಾರಿಗೂ ಸಮಾಧಾನ ತಂದಿಲ್ಲ. ಹಾಗಾಗಿ ಈ ಸಲ ಬುಡದಿಂದ ಹೇಳುತ್ತೇನೆ.

ಈ ಮಾತು ಹುಟ್ಟಿದ್ದು ಒಂದು ನಿಜದಿಂದಲೇ. ಶಾರ್ಕಿನ ಮೂತಿಯ ಸುತ್ತ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತುಗಳಿವೆ. ಒಳಗೆ ಲೋಳೆ ತುಂಬಿದ ಕೊಳವೆಗಳು. 1678ರಲ್ಲಿ ಇಟಲಿಯ ಸ್ಟೆಫಾನೊ ಲೊರೆಂಜಿನಿ ಇವುಗಳನ್ನು ವಿವರಿಸಿದ. ಇವತ್ತಿಗೂ ಅವಕ್ಕೆ ಅವನದೇ ಹೆಸರು. ಮೀನಿನ ಮೈಯಿಂದ ಹೊರಡುವ ಚೂರೇ ಚೂರು ವಿದ್ಯುತ್ತನ್ನೂ ಶಾರ್ಕ್ ಇವುಗಳಿಂದ ಹಿಡಿಯುತ್ತದೆ. ಒಂದು ಸೆಂಟಿಮೀಟರಿಗೆ, ಒಂದು ವೋಲ್ಟಿನ ನೂರು ಕೋಟಿ ಪಾಲಿನಲ್ಲಿ ಐದು ಪಾಲು ಇದ್ದರೂ ಅದಕ್ಕೆ ಗೊತ್ತಾಗುತ್ತದೆ. ಇಷ್ಟು ಕೇಳಿದವರು, ಡಿಟೆಕ್ಟರ್ ಅಂದರೆ ಶಾರ್ಕಿಗೆ ಊಟದ ಗಂಟೆ ಅಂದುಕೊಂಡುಬಿಡುತ್ತಾರೆ.

ಆದರೆ ಅದು ಎಷ್ಟು ದೂರದಿಂದ ಗೊತ್ತಾಗುತ್ತದೆ ನೋಡಿ. ಶಾರ್ಕ್ ದೂರದಿಂದ ಬೇಟೆ ಹುಡುಕುವುದು ಮೂಗು, ಕಿವಿಗಳಿಂದ. ಹತ್ತಿರ ಬಂದ ಮೇಲೆ ಕಣ್ಣು. ಈ ವಿದ್ಯುತ್ ಗ್ರಹಿಕೆ ಕೆಲಸಕ್ಕೆ ಬರುವುದು ಕಟ್ಟಕಡೆಗೆ, ಮರಳಲ್ಲಿ ಹೂತು ಕೂತ ಮೀನು ಇನ್ನು ಅರ್ಧ ಮೀಟರ್ ದೂರದಲ್ಲಿದೆ ಅನ್ನುವಾಗ. ನಿಮ್ಮ ಡಿಟೆಕ್ಟರಿನ ಬಲವೂ ಅಷ್ಟಕ್ಕಷ್ಟೇ. ಒಂದು ಉಂಗುರ ಒಂದಡಿ ಆಳ ಹೋದರೆ ಅದಕ್ಕೇ ಸಿಗುವುದು ಕಷ್ಟ. ಅಂಥದ್ದು ನೂರು ಮೀಟರ್ ಆಚೆಯ ಶಾರ್ಕನ್ನು ಹೇಗೆ ಕರೆಯುತ್ತದೆ?

ಇನ್ನೊಂದು ವಿಷಯ ಲಯದ್ದು. ಶಾರ್ಕಿಗೆ ಚೆನ್ನಾಗಿ ತಿಳಿಯುವುದು ನಿಧಾನವಾಗಿ ಏರಿಳಿಯುವ ವಿದ್ಯುತ್ತು, ಸೆಕೆಂಡಿಗೆ ಬೆರಳೆಣಿಕೆಯಷ್ಟು ಸಲ. ಮೀನು ಉಸಿರಾಡುವ ಲಯ ಅದು. ಡಿಟೆಕ್ಟರಿನ ಕಾಯಿಲ್, ಅಂದರೆ ತುದಿಯ ತಂತಿ ಸುರುಳಿ, ಸೆಕೆಂಡಿಗೆ ನೂರಾರು, ಸಾವಿರಾರು ಸಲ ಮಿಡಿಯುತ್ತದೆ. ಅದರಲ್ಲಿ ಮೀನಿನ ಗುರುತೇ ಇಲ್ಲ. ಇನ್ನೂ ಅನುಮಾನವಿದ್ದರೆ ಇದನ್ನು ಯೋಚಿಸಿ: ಮುಳುಗುಗಾರರು ಶಾರ್ಕ್ ಓಡಿಸುವುದಕ್ಕೆ ಅಂತಲೇ ವಿದ್ಯುತ್ ಸಾಧನ ಕಟ್ಟಿಕೊಂಡು ಇಳಿಯುತ್ತಾರೆ. ಅದರ ಬಲವಾದ ಮಿಡಿತ ಈ ಅಂಗಕ್ಕೆ ತಡೆಯದಷ್ಟು ಕಿರಿಕಿರಿ ಮಾಡುತ್ತದೆ. ಅದೂ ಒಂದೆರಡು ಮೀಟರ್ ಒಳಗೆ ಮಾತ್ರ.

ಹಾಗಂತ ಶಾರ್ಕ್ ಕಚ್ಚುವುದೇ ಇಲ್ಲ ಅನ್ನುತ್ತಿಲ್ಲ. ಕೆಣಕದೆಯೂ ಶಾರ್ಕ್ ಕಚ್ಚಿದ ಪ್ರಕರಣಗಳು 2024ರಲ್ಲಿ ಇಡೀ ಜಗತ್ತಿನಲ್ಲಿ 47 ದಾಖಲಾದವು. ಅದರಲ್ಲಿ 14 ಫ್ಲೋರಿಡಾದಲ್ಲೇ. ಆ 14ರಲ್ಲಿ 8 ವೊಲೂಶಿಯಾ ಕೌಂಟಿ ಒಂದರಲ್ಲೇ. ಅಲ್ಲಿ ಕಲಕಿದ ನೀರು, ಸಣ್ಣ ಮೀನಿನ ಹಿಂಡು, ನೀರಿನ ತುಂಬ ಸರ್ಫಿಂಗ್ ಮಾಡುವವರು. ಮಬ್ಬಿನಲ್ಲಿ ಕಾಲನ್ನು ಮೀನು ಅಂದುಕೊಂಡು ಕಚ್ಚಿ ಬಿಟ್ಟುಹೋಗುವುದೇ ಜಾಸ್ತಿ. ಮುಂಜಾನೆ, ಮುಸ್ಸಂಜೆ ಬೇಡ. ಮೀನು ಚಿಮ್ಮುತ್ತಿರುವ, ಹಕ್ಕಿಗಳು ಧುಮುಕುತ್ತಿರುವ ಜಾಗ ಬೇಡ. ಹೊಳೆಯುವ ಬಳೆ, ಸರ ತೆಗೆದಿಡಿ. ಶಾರ್ಕ್ ವಿಷಯ ಇಷ್ಟೇ.

ನನಗೆ ನಿಜವಾಗಿ ಭಯ ಇರುವುದು ಬೇರೆ ಕಡೆ. ಈ ಕೆಲಸದಲ್ಲಿ ಮನುಷ್ಯ ಹೇಗೆ ನಿಂತಿರುತ್ತಾನೆ ಯೋಚಿಸಿ. ಕಿವಿಗೆ ಹೆಡ್‌ಫೋನ್, ಕಣ್ಣು ಕೆಳಗೆ, ಒಂದು ಕೈಯಲ್ಲಿ ಡಿಟೆಕ್ಟರ್, ಇನ್ನೊಂದರಲ್ಲಿ ಮರಳು ತೋಡುವ ಉದ್ದ ಹಿಡಿಯ ಸ್ಕೂಪ್, ಬೆನ್ನು ಸಮುದ್ರಕ್ಕೆ. ಅಲೆ ಬಂದದ್ದು ಬೆನ್ನಿಗೆ ಬಡಿದ ಮೇಲೇ ಗೊತ್ತು. ತಾನೇ ತೋಡಿದ ಗುಂಡಿಗೆ ಕಾಲು ಹೋಗುತ್ತದೆ. ಸ್ಕೂಪಿನ ಹಿಡಿ ಪಕ್ಕೆಗೆ ತಿವಿಯುತ್ತದೆ.

ಆಮೇಲೆ ತೊರಕೆ. ಕರಾವಳಿಯವರಿಗೆ ವಿವರಿಸಬೇಕಿಲ್ಲ, ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು. ನನಗೆ ಹೊಡೆದದ್ದು ಹಿಂದಕ್ಕೆ ಹೆಜ್ಜೆ ಇಟ್ಟಾಗ. ಡಿಟೆಕ್ಟರಿನಲ್ಲಿ ಒಳ್ಳೆಯ ಸದ್ದು ಸಿಕ್ಕಿತ್ತು. ಸ್ಕೂಪ್ ಊರಲು ಜಾಗ ಮಾಡಿಕೊಳ್ಳೋಣ ಅಂತ ಎಡಗಾಲು ಎತ್ತಿ ಹಿಂದಿಟ್ಟೆ. ಪಾದದ ಕೆಳಗೆ ಏನೋ ಮೆತ್ತಗೆ ಜಾರಿತು, ಮರುಕ್ಷಣ ಕಣಕಾಲಿಗೆ ಕಾಯಿಸಿದ ಕಬ್ಬಿಣ ಇಟ್ಟ ಹಾಗಾಯಿತು. ಹಾಗಾಗಿ ಕಾಲು ಎತ್ತಿ ಇಡಬೇಡಿ. ಮರಳಿನ ಮೇಲೆ ಎಳೆಯುತ್ತಾ ನಡೆಯಿರಿ, ತೊರಕೆ ತಾನಾಗಿ ಸರಿದುಹೋಗುತ್ತದೆ. ಹೊಡೆದರೆ ಚರ್ಮ ಸುಡದಷ್ಟು, ಆದರೆ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ, ಅಂದರೆ ಸುಮಾರು 45 ಡಿಗ್ರಿ, ಕಾಲು ಅದ್ದಿಡಿ. ನೋವು ಇಳಿಯುತ್ತದೆ. ಮುಳ್ಳಿನ ಚೂರು ಒಳಗೇ ಉಳಿಯಬಹುದು, ಡಾಕ್ಟರಿಗೆ ತೋರಿಸಲೇಬೇಕು.

ಎಲ್ಲಕ್ಕಿಂತ ದೊಡ್ಡದು ಸೆಳೆತ, ಇಲ್ಲಿಯವರು ರಿಪ್ ಕರೆಂಟ್ ಅನ್ನುತ್ತಾರೆ. ಅಮೆರಿಕದಲ್ಲಿ ವರ್ಷಕ್ಕೆ 100ಕ್ಕೂ ಹೆಚ್ಚು ಜನ ಇದರಲ್ಲಿ ಸಾಯುತ್ತಾರೆ ಅಂತ ಜೀವರಕ್ಷಕರ ಅಂದಾಜು. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಸೆಣಸಬೇಡಿ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ. ಡಿಟೆಕ್ಟರ್ ಬಿಟ್ಟುಬಿಡಿ. ಸಾವಿರ ಡಾಲರಿನದ್ದು ಅಂತ ಅಪ್ಪಿಕೊಂಡು ಮುಳುಗಬೇಡಿ, ಕೈಮುಗಿದು ಕೇಳುತ್ತೇನೆ. ಗುಡುಗು ಕೇಳಿದರೂ ಹಾಗೇ, ತಕ್ಷಣ ನೀರು ಬಿಟ್ಟು ಕಾರಿನೊಳಗೆ ಕೂರಿ. ಕೊನೆಯ ಗುಡುಗಾದ ಮೇಲೆ ಅರ್ಧ ಗಂಟೆ ಕಾಯಿರಿ.

ನೀವು ಕೇಳಿಲ್ಲ, ಆದರೂ ಫ್ಲೋರಿಡಾ ಅಂದಿದ್ದಕ್ಕೆ ಹೇಳುತ್ತೇನೆ. ಬಹಳ ಜನ ಇಲ್ಲಿಗೆ ಬರುವುದು 1715ರ ಸ್ಪೇನಿನ ನಾಣ್ಯಗಳ ಆಸೆಗೆ. ಆ ವರ್ಷ ಜುಲೈ 31ರ ಚಂಡಮಾರುತಕ್ಕೆ ನಿಧಿ ಹೊತ್ತ ಹಡಗುಗಳು ಈಗಿನ ವೆರೊ ಬೀಚ್ ಆಸುಪಾಸಿನಲ್ಲಿ ಒಡೆದುಹೋದವು. ಆ ಹಡಗುಗಳು ಬಿದ್ದಿರುವ ನೀರಿನಲ್ಲಿ ಹುಡುಕುವ ಹಕ್ಕು ಕೋರ್ಟಿನ ಮೂಲಕ ಬೇರೆಯವರಿಗೆ ಹೋಗಿದೆ, ಅಲ್ಲಿ ನೀವು ಡಿಟೆಕ್ಟರ್ ಇಳಿಸುವ ಹಾಗಿಲ್ಲ. ಪಕ್ಕದ ಫೋರ್ಟ್ ಪಿಯರ್ಸ್‌ನಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ನೌಕಾಪಡೆ ದಡಕ್ಕಿಳಿಯುವ ತರಬೇತಿ ನಡೆಸಿತ್ತು. ಅಲ್ಲಿನ ಮರಳಲ್ಲಿ ಸಿಡಿಯದ ಮದ್ದುಗುಂಡು ಸಿಕ್ಕಿದ್ದುಂಟು. ತುಕ್ಕು ಹಿಡಿದ ಉದ್ದನೆಯ ಕಬ್ಬಿಣ ಕಂಡರೆ ಕೈ ಹಾಕಬೇಡಿ, ಪೊಲೀಸರನ್ನು ಕರೆಯಿರಿ.

ಮತ್ತೆ ಆ ನಾಣ್ಯಗಳು ನೀರಲ್ಲೇ ಸಿಗಬೇಕು ಅಂತೇನಿಲ್ಲ. ದೊಡ್ಡ ಬಿರುಗಾಳಿ ಮರಳು ಕೊರೆದುಕೊಂಡು ಹೋದ ಮರುದಿನ, ಇಳಿತದ ಹೊತ್ತಿಗೆ, ಸಾರ್ವಜನಿಕ ಬೀಚಿನ ಒಣ ಮರಳಲ್ಲಿ ಹುಡುಕಿ. ಆಯಾ ಬೀಚಿನ ನಿಯಮ ಮೊದಲೇ ಕೇಳಿಕೊಳ್ಳಿ. ಕಪ್ಪಾದ, ವಕ್ರವಾದ, ಬಿಸ್ಕತ್ತಿನ ಚೂರಿನ ಹಾಗಿರುವ ಬೆಳ್ಳಿ ಸಿಕ್ಕರೆ ಅಲ್ಲೇ ತಿಕ್ಕಬೇಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ.