ಅಮೆರಿಕದ ಫೆಡರಲ್ ನ್ಯಾಯಾಧೀಶರಿಗೆ ನಿವೃತ್ತಿಯ ವಯಸ್ಸು ಏಕಿಲ್ಲ?

ಓದುಗರ ಪ್ರಶ್ನೆ: ನಮ್ಮಲ್ಲಿ ಹೈಕೋರ್ಟ್ ನ್ಯಾಯಮೂರ್ತಿಗಳೂ 62ಕ್ಕೆ ನಿವೃತ್ತರಾಗುತ್ತಾರೆ. ಅಮೆರಿಕದಲ್ಲಿ ಫೆಡರಲ್ (ಅಂದರೆ ಕೇಂದ್ರದ) ಜಿಲ್ಲಾ ನ್ಯಾಯಾಧೀಶರಿಗೆ ಹುದ್ದೆ ಜೀವನಪರ್ಯಂತವಂತೆ. ಅಷ್ಟೊಂದು ಭದ್ರತೆ ಏಕೆ?

ಉತ್ತರ: ಅಲ್ಲಿನ ಸಂವಿಧಾನದ ಮೂರನೆಯ ವಿಧಿಯ ಪ್ರಕಾರ ನಡತೆ ಸರಿಯಿರುವ ತನಕ ಹುದ್ದೆ ಅವರದು; ಸಂಬಳವನ್ನೂ ಇಳಿಸುವಂತಿಲ್ಲ. ಅಧ್ಯಕ್ಷರು ಹೆಸರಿಸಿ ಸೆನೆಟ್ ಒಪ್ಪಿದರೆ ಮುಗಿಯಿತು, ಆಮೇಲೆ ತೆಗೆಯಲು ಮಹಾಭಿಯೋಗವೊಂದೇ ದಾರಿ. ಹಾಗೆ ಸೆನೆಟ್ ಪದಚ್ಯುತಗೊಳಿಸಿದ್ದು ಇದುವರೆಗೆ ಎಂಟೇ ಫೆಡರಲ್ ನ್ಯಾಯಾಧೀಶರನ್ನು. ಇದನ್ನು ಸವಲತ್ತು ಎನ್ನುವವರು ಅಲಬಾಮಾ ರಾಜ್ಯದಲ್ಲಿ ಫೆಡರಲ್ ಜಿಲ್ಲಾ ನ್ಯಾಯಾಧೀಶರಾಗಿದ್ದ ಫ್ರಾಂಕ್ ಎಂ. ಜಾನ್ಸನ್ ಅವರ ಬದುಕನ್ನೊಮ್ಮೆ ನೋಡಬೇಕು.

ಆ ರಾಜ್ಯದ ಸ್ವಂತ ನ್ಯಾಯಾಧೀಶರು ಚುನಾವಣೆಯಲ್ಲಿ ಗೆದ್ದು ಬರಬೇಕು. ಜಾನ್ಸನ್ ಅವರ ಕಾನೂನು ಕಾಲೇಜಿನ ಸಹಪಾಠಿ ಜಾರ್ಜ್ ವಾಲೇಸ್ ಹಾಗೆ ಗೆದ್ದು ನ್ಯಾಯಾಧೀಶರಾದವರು. ಮುಂದೆ ವರ್ಣಭೇದವನ್ನೇ ಘೋಷಣೆ ಮಾಡಿಕೊಂಡು ಗವರ್ನರ್ ಆದರು. ಜಾನ್ಸನ್ ಅವರನ್ನು 1955ರಲ್ಲಿ ನೇಮಿಸಿದ್ದು ಅಧ್ಯಕ್ಷ ಐಸೆನ್‌ಹೋವರ್. ಜಾನ್ಸನ್ ಅಲಬಾಮಾದ ರಾಜಧಾನಿ ಮಾಂಟ್‌ಗಮೆರಿಯಲ್ಲಿ ಪೀಠವೇರಿ ತಿಂಗಳು ತುಂಬುವುದರೊಳಗೆ ಅದೇ ಊರಿನ ಬಸ್ಸಿನಲ್ಲಿ ಬಿಳಿಯರಿಗೆ ಆಸನ ಬಿಟ್ಟುಕೊಡದ ಕರಿಯ ಮಹಿಳೆ ರೋಸಾ ಪಾರ್ಕ್ಸ್ ಬಂಧನವಾಯಿತು. ಮರುವರ್ಷ ಬಸ್ಸುಗಳಲ್ಲಿ ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಆಸನವಿಡುವುದು ಅಸಾಂವಿಧಾನಿಕ ಎಂದು ಮೂವರ ಪೀಠ ತೀರ್ಪು ಕೊಟ್ಟಿತು. ತೀರ್ಪು ಎರಡಕ್ಕೆ ಒಂದು. ಆ ಇಬ್ಬರಲ್ಲಿ ಜಾನ್ಸನ್ ಒಬ್ಬರು. ಮತಪೆಟ್ಟಿಗೆಯ ಭಯವಿದ್ದವರು ಅಂದು ಆ ಊರಿನಲ್ಲಿ ಹಾಗೆ ಬರೆಯುತ್ತಿದ್ದರೆಂದು ನನಗೆ ನಂಬಿಕೆಯಿಲ್ಲ.

1965ರ ಮಾರ್ಚ್ 7ರಂದು ಅದೇ ರಾಜ್ಯದ ಸೆಲ್ಮಾ ಊರಿನ ಸೇತುವೆ ದಾಟಿ ಬಂದ, ಕರಿಯರ ಮತದಾನದ ಹಕ್ಕಿಗಾಗಿ ಹೊರಟಿದ್ದ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ, ಅಶ್ರುವಾಯು ಪ್ರಯೋಗಿಸಿದರು. ಜಾನ್ಸನ್ ಮೊದಲು ಮಾಡಿದ್ದು, ವಿಚಾರಣೆ ಮುಗಿಯುವ ತನಕ ಮತ್ತೆ ಮೆರವಣಿಗೆ ಬೇಡವೆಂದು ತಡೆಯಾಜ್ಞೆ ಕೊಟ್ಟದ್ದು! ಹೋರಾಟಗಾರರಿಗೆ ಅದು ಕಹಿಯಾಯಿತು. ಆದರೆ ಜಾನ್ಸನ್ ಸಾಕ್ಷಿಗಳನ್ನು ಕೇಳಿದರು, ಹಲ್ಲೆಯ ಟಿ.ವಿ. ಚಿತ್ರಣವನ್ನು ನ್ಯಾಯಾಲಯದಲ್ಲೇ ನೋಡಿದರು. ಮಾರ್ಚ್ 17ರಂದು ಅನುಮತಿ ಬಂತು: ಅನ್ಯಾಯ ಎಷ್ಟು ದೊಡ್ಡದೋ ಪ್ರತಿಭಟಿಸುವ ಹಕ್ಕೂ ಅಷ್ಟೇ ವಿಶಾಲ ಎಂಬುದು ಅದರ ತಿರುಳು. ಜೊತೆಗೊಂದು ಷರತ್ತು, ಹೆದ್ದಾರಿ ಎರಡೇ ಪಥಕ್ಕೆ ಕಿರಿದಾಗುವ ಕಡೆ 300ಕ್ಕಿಂತ ಹೆಚ್ಚು ಜನ ನಡೆಯಬಾರದು. ವಿಚಾರಣಾ ನ್ಯಾಯಾಧೀಶರ ಕೆಲಸವೆಂದರೆ ಇದೇ. ತತ್ವವನ್ನೂ ಹೇಳಬೇಕು, ರಸ್ತೆಯ ಅಗಲವನ್ನೂ ಅಳೆಯಬೇಕು.

ಭದ್ರವಾಗಿದ್ದದ್ದು ಹುದ್ದೆ ಮಾತ್ರ. ಜಾನ್ಸನ್ ಅವರ ಮನೆಯಂಗಳದಲ್ಲಿ ಶಿಲುಬೆ ಸುಟ್ಟರು; ವರ್ಣಭೇದವಾದಿಗಳು ಬೆದರಿಕೆ ಹಾಕುತ್ತಿದ್ದ ರೀತಿಯದು. 1967ರಲ್ಲಿ ತಾಯಿಯ ಮನೆಗೆ ಬಾಂಬಿಟ್ಟರು; ತಾಯಿ ಗಾಯವಿಲ್ಲದೆ ಪಾರಾದರು. ಮಗ ಅದೇ ಊರಿನಲ್ಲಿ ಅದೇ ಪೀಠದಲ್ಲಿ ಮತ್ತೆ ಹನ್ನೆರಡು ವರ್ಷ ಕುಳಿತರು, ಮಾನಸಿಕ ಆಸ್ಪತ್ರೆಗಳ ಮತ್ತು ಜೈಲುಗಳ ದುಸ್ಥಿತಿಯನ್ನೂ ವಿಚಾರಣೆಗೆ ತಂದರು.

ಇನ್ನು ವಯಸ್ಸಿನ ಮಾತು. 65 ದಾಟಿ ಸಾಕಷ್ಟು ವರ್ಷ ಸೇವೆ ಸಲ್ಲಿಸಿದವರು ‘ಹಿರಿಯ ನ್ಯಾಯಾಧೀಶ’ರಾಗಿ ಕಡಿಮೆ ಪ್ರಕರಣ ನೋಡಬಹುದು, ಅವರು ಬಿಟ್ಟ ಜಾಗಕ್ಕೆ ಹೊಸಬರ ನೇಮಕವಾಗುತ್ತದೆ. 1979ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಿದ್ದ ಜಾನ್ಸನ್ 1991ರಲ್ಲಿ ಹಾಗೆ ಹಿರಿಯ ನ್ಯಾಯಾಧೀಶರಾದರು. 1999ರಲ್ಲಿ ತೀರಿಕೊಂಡರು.